ಇಂದ್ರಗೋಪ ಶಬ್ದದ ಅರ್ಥವಿಚಾರ

ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ವಿರಹೋನ್ಮತ್ತನಾದ ಪುರೂರವನು ಎಳೆಹುಲ್ಲನ್ನು ಕಂಡು, ಗಿಳಿಹಸುರಿನ ಊರ್ವಶಿಯ ಸ್ತನಾಂಶುಕವೆಂದು ಭ್ರಮಿಸುತ್ತಾನೆ. ಅದರ ಮೇಲಣ ಕೆಂಬಿಂದುಗಳು ತುಟಿಯ ರಂಗನ್ನು ತೊಳೆದು ಬಿದ್ದ ಕಣ್ಣೀರೆಂದು ಅವನೆಣಿಕೆ. ಬಳಿಕ ಅವು ಇಂದ್ರಗೋಪಗಳೆಂದು ತಿಳಿಯುತ್ತದೆ.

ಈ ಇಂದ್ರಗೋಪವಾವುದು? ಮೋನಿಯರ್ ವಿಲಿಯಮ್ಸರ 1899ರ ನಿಘಂಟು ಕೊಚಿನೀಲ್ ಜಾತಿಯ ಕೀಟವೆಂದೂ ಮಿಂಚುಹುಳುವೆಂದೂ ಹೇಳುತ್ತದೆ. ಎರಡೂ ಯುಕ್ತವಲ್ಲ. ಕೊಚಿನೀಲ್ ಅಮೆರಿಕದ ಪಾಪಸುಕಳ್ಳಿಗೆ ಅಂಟಿಕೊಂಡಿರುವ ಜೀವಿ. ಬಿಳಿಯ ಮೇಣದಂಥ ಹುಡಿ ಹೊದೆದ ಅದು ಹಿಸುಕಿದಲ್ಲದೆ ಕೆಂಪು ತೋರದು. ಕಾಳಿದಾಸನು ಅದನ್ನು ಕಂಡಿರುವುದು ಅಸಂಭವ. ಮಿಂಚುಹುಳುವೆಂದರಂತೂ ಶ್ಲೋಕದ ಹಗಲೇ ಇರುಳಾಗುತ್ತದೆ. ಹಳದಿಹಸುರಿನ ಆ ಬೆಳಕಿನಲ್ಲಿ ತುಟಿಯ ರಂಗು ಎಲ್ಲಿಂದ ಬರಬೇಕು? ರಾಜನ ಭ್ರಾಂತಿಗೆ ಆಧಾರವೇ ಉಳಿಯದು.

ಮೊದಲ ಮಳೆ ಬಿದ್ದೊಡನೆ ಮಣ್ಣಿನಿಂದ ಮೇಲೆದ್ದು, ಹಗಲಿನಲ್ಲಿಯೇ ಮೆಲ್ಲನೆ ಹರಿದಾಡುವ, ಮಖಮಲ್ಲಿನಂಥ ಕಡುಗೆಂಪು ಜೀವಿಯೇ ಇಂದ್ರಗೋಪ. ಸೀಗ್‌ಫ್ರೀಡ್ ಲೀನ್‌ಹಾರ್ಡ್ ಎಂಬ ವಿದ್ವಾಂಸರು 1978ರಲ್ಲಿ ಇದೇ ಅರ್ಥವನ್ನು ಪ್ರತಿಪಾದಿಸಿದ್ದಾರೆ. ಸಂಶಯವುಳ್ಳ ವಾಚಕರು ಕಾಲುಗಳನ್ನೆಣಿಸಿ ನೋಡಬಹುದು. ಬೆಳೆದದ್ದಕ್ಕೆ ಎಂಟು ಕಾಲು, ರೆಕ್ಕೆಯಿಲ್ಲ, ಮೀಸೆಯಿಲ್ಲ. ಆದುದರಿಂದ ಶಾಸ್ತ್ರದೃಷ್ಟಿಯಿಂದ ಇದು ಕೀಟವೇ ಅಲ್ಲ. ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ ನುಸಿ. ಮರಿಗೆ ಮಾತ್ರ ಆರೇ ಕಾಲು. ಅದು ಅನ್ಯಕೀಟಗಳ ಮೈಗೆ ಕಚ್ಚಿಕೊಂಡು ಬದುಕುವುದರಿಂದ ಹುಲ್ಲಿನಲ್ಲಿ ಹುಡುಕುವವರಿಗೆ ಸುಲಭವಾಗಿ ದೊರೆಯದು.

ಕಿಷ್ಕಿಂಧಾಕಾಂಡದ ವರ್ಷಾವರ್ಣನೆಯಲ್ಲಿಯೂ ಇಂದ್ರಗೋಪಗಳಿಂದ ಚಿತ್ರಿತವಾದ ಎಳೆಹುಲ್ಲಿನ ಭೂಮಿಯು ಅರಗಿನ ಹನಿ ಬಿದ್ದ ಗಿಳಿಬಣ್ಣದ ಕಂಬಳಿ ಹೊದ್ದ ಸ್ತ್ರೀಯಂತೆ ತೋರುತ್ತದೆ. ಅರಗಿನ ಕೆಂಪು ಯಾವ ಮಿಂಚುಹುಳುವಿಗಿದೆಯೋ ಕೋಶಕಾರರು ತಿಳಿಸಬೇಕು.