ಜೀಬ್ರಾ ಮೀನು ಎಷ್ಟು ಹೇಳಬಲ್ಲದು?

ಮಿರಗ ಕೂಡಿತೆಂದರೆ ಕಾಸಾರಶಿರಸಿ, ಉಮರಗಾ ಕಡೆಯ ದಮ್ಮಿನ ರೋಗಿಗಳಿಗೆ ಹೈದರಾಬಾದು ನೆನಪಾಗುತ್ತದೆ. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಮನೆತನದವರು ಬೆರಳುದ್ದದ ಮರಳ ಮೀನಿನ ಮರಿಯ ಬಾಯಿಗೆ ಔಷಧಿ ತುಂಬಿ, ಮರಿಯನ್ನು ಜೀವಂತವಾಗಿಯೇ ರೋಗಿಯ ಗಂಟಲಿಗೆ ಇಳಿಸುತ್ತಾರೆ. ಔಷಧಿಯ ಗುಟ್ಟು ಮನೆತನದ್ದು. ಗುಣವಾಗುತ್ತದೆ ಎನ್ನಲು ಪರೀಕ್ಷೆಯ ಆಧಾರವಿಲ್ಲ. ವಿಚಾರವಾದಿಗಳು ಕೋರ್ಟಿನ ಮೆಟ್ಟಿಲು ಹತ್ತಿದರೂ ಸಾಲು ಕರಗಲಿಲ್ಲ. ಅದೇ ಹೈದರಾಬಾದಿನ ಹಬ್ಸಿಗೂಡದಲ್ಲಿ ಸಿಸಿಎಂಬಿ ಎಂಬ ಕೇಂದ್ರ ಸಂಶೋಧನಾಲಯವಿದೆ. ಅಲ್ಲಿಯ ತೊಟ್ಟಿಗಳಲ್ಲಿಯೂ ಮೀನುಗಳಿವೆ, ಅಲ್ಲಿಯೂ ಮನುಷ್ಯನ ರೋಗದ ಮಾತೇ ನಡೆಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂಬುದು ಗೊತ್ತು. ಆದರೆ ನಂಬಿಕೆಯ ಮೀನಿಗೆ ಕೇಳುವ ಪ್ರಶ್ನೆಯನ್ನು ಪ್ರಯೋಗದ ಮೀನಿಗೆ ಕೇಳಬಾರದೆಂದೇನೂ ಇಲ್ಲ: ಇದು ಕೊಟ್ಟದ್ದೆಷ್ಟು, ಕೊಟ್ಟಿತೆಂದು ನಾವು ಹೇಳಿಕೊಳ್ಳುತ್ತಿರುವುದೆಷ್ಟು?

ಪ್ರಯೋಗದ ಮೀನು ಎಂದರೆ ಮುಖ್ಯವಾಗಿ ಜೀಬ್ರಾ ಮೀನು. ಒಂದೂವರೆ ಇಂಚಿನ, ಮೈಮೇಲೆ ನೀಲಿ ಪಟ್ಟೆಗಳ ಈ ಮೀನು ನಮ್ಮದೇ ಉಪಖಂಡದ ಹಳ್ಳ, ಗದ್ದೆ, ಕಾಲುವೆಗಳದ್ದು. 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಕನ್ನಡ ಓದುಗರಿಗೆ ಪರಿಚಿತ. ಗಂಗೆಯ ಮೀನುಗಳ ಬಗ್ಗೆ 1822ರಲ್ಲಿ ಪುಸ್ತಕ ಪ್ರಕಟಿಸಿ ಇದಕ್ಕೆ ಹೆಸರಿಟ್ಟವನೂ ಅವನೇ. ಆಮೇಲೆ ಬಹುಕಾಲ ಇದು ಮುಖ್ಯವಾಗಿ ಅಲಂಕಾರದ ಮೀನಾಗಿ ಉಳಿಯಿತು. 1970ರ ದಶಕದಲ್ಲಿ ಅಮೆರಿಕದ ಓರೆಗನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅಂಗಡಿಯಲ್ಲಿ ಸಿಗುವ ಈ ಮೀನನ್ನೇ ಆನುವಂಶಿಕತೆಯ ಅಧ್ಯಯನಕ್ಕೆ ಎಳೆದು ತಂದರು. 2013ರಲ್ಲಿ ಇದರ ಪೂರ್ಣ ಜೀನೋಮ್ ಪ್ರಕಟವಾಯಿತು. ಮನುಷ್ಯನ ಜೀನುಗಳಲ್ಲಿ ಶೇಕಡಾ 70ರಷ್ಟಕ್ಕೆ ಇದರಲ್ಲಿ ಜೋಡಿ ಇದೆ ಎಂಬ ಅಂಕಿಯನ್ನು ಅಂದಿನಿಂದ ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಜೀನು ಜೋಡಿ ಇದ್ದ ಮಾತ್ರಕ್ಕೆ ಕೆಲಸವೂ ಒಂದೇ ಆಗಿರಬೇಕಿಲ್ಲ. ಭಾಷಣದಲ್ಲಿ ಅಷ್ಟು ಮಾತಿಗೆ ಪುರುಸೊತ್ತಿರುವುದಿಲ್ಲ.

ನನ್ನ ಲೆಕ್ಕದಲ್ಲಿ ಈ ಮೀನಿನ ನಿಜವಾದ ಬಂಡವಾಳ ಆ 70 ಅಲ್ಲ, ಅದರ ಮರಿಯ ಪಾರದರ್ಶಕ ಮೈ. ಮೊಟ್ಟೆ ತಾಯಿಯ ಹೊರಗೆ ಬೆಳೆಯುತ್ತದೆ. ಒಂದು ದಿನಕ್ಕೆ ಗುಂಡಿಗೆ ಬಡಿಯತೊಡಗುತ್ತದೆ, ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಐದು ದಿನದ ಮರಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ರಕ್ತದ ಕಣಗಳು ಒಂದರ ಹಿಂದೊಂದು ನೂಕಾಡುತ್ತ ಬಾಲದ ತುದಿ ಮುಟ್ಟಿ ಹಿಂದಿರುಗುವುದು ಕೊಯ್ಯದೆಯೇ ಕಾಣುತ್ತದೆ. ಪಕ್ಕೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಪುಟ್ಟ ಗುಬುಟುಗಳಿರುತ್ತವೆ. ಇದೇ ಪಾರ್ಶ್ವರೇಖೆ, ನೀರಿನ ಅಲುಗಾಟವನ್ನು ಹಿಡಿಯುವ ಇಂದ್ರಿಯ. ಒಂದೊಂದು ಗುಬುಟಿನಲ್ಲೂ ಹತ್ತಿಪ್ಪತ್ತು ಕೂದಲುಕೋಶಗಳು. ನಮ್ಮ ಒಳಗಿವಿಯಲ್ಲಿ ಸದ್ದನ್ನು ನರದ ಸಂಕೇತವಾಗಿ ಮಾರ್ಪಡಿಸುವುದೂ ಇದೇ ಬಗೆಯ ಕೋಶ. ನಮ್ಮಲ್ಲಿ ಅದು ತಲೆಬುರುಡೆಯ ಗಟ್ಟಿ ಎಲುಬಿನೊಳಗೆ ಹುದುಗಿದೆ, ಮೀನಿನಲ್ಲಿ ಚರ್ಮದ ಮೇಲೆಯೇ ಕೂತಿದೆ.

ನಿಯೋಮೈಸಿನ್, ಜೆಂಟಾಮೈಸಿನ್‌ಗಳಂಥ ಔಷಧಿಗಳು ಕಿವಿಯನ್ನು ಕೆಡಿಸುತ್ತವೆ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಸೂಜಿ ಚುಚ್ಚಿಸಿಕೊಂಡು ಕಿವುಡಾದ ಹಿರಿಯರು ನಮ್ಮ ಹಳ್ಳಿಗಳಲ್ಲೂ ಇದ್ದರು. ಮರಿಯಿರುವ ನೀರಿಗೆ ನಿಯೋಮೈಸಿನ್ ಹಾಕಿದರೆ ಗಂಟೆಯೊಳಗೆ ಕೂದಲುಕೋಶಗಳು ಮುದುಡಿ ಸಾಯುತ್ತವೆ. ಎರಡು ಮೂರು ದಿನಗಳಲ್ಲಿ ಅವುಗಳ ಬುಡದ ಆಸರೆಕೋಶಗಳು ಒಡೆದು ಹೊಸ ಕೂದಲುಕೋಶಗಳು ಮೂಡುತ್ತವೆ. ನಮ್ಮ ಕಿವಿಯಲ್ಲಿ ಒಮ್ಮೆ ಹೋದದ್ದು ಹೋದದ್ದೇ. ಇಲ್ಲಿ ಸಂಶೋಧನೆ ಎರಡು ದಾರಿ ಹಿಡಿಯಿತು: ಹೋದದ್ದನ್ನು ಮತ್ತೆ ಬೆಳೆಸುವುದು ಒಂದು, ಹೋಗದಂತೆ ಕಾಯುವುದು ಇನ್ನೊಂದು. ಮೊದಲನೆಯದು ಸುದ್ದಿಯಾಯಿತು, ಎರಡನೆಯದು ಕೆಲಸಕ್ಕೆ ಬಂತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ರೈಬಲ್, ಎಡ್ವಿನ್ ರೂಬೆಲ್ ಅವರ ಬಳಗ ಸಾವಿರಾರು ರಾಸಾಯನಿಕಗಳನ್ನು ಮರಿಗಳ ಮೇಲೆ ಸೋಸಿ, ಕೂದಲುಕೋಶಗಳನ್ನು ಉಳಿಸುವ ಒಂದನ್ನು 2008ರಲ್ಲಿ ವರದಿ ಮಾಡಿತು. ಅದನ್ನು ತಿದ್ದಿ ತೀಡಿ ಮಾಡಿದ ಔಷಧಿ ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿದೆ. ಅಷ್ಟು ರಾಸಾಯನಿಕಗಳನ್ನು ಇಲಿಯ ಒಳಗಿವಿಯಲ್ಲಿ ಸೋಸಲು ಕೂತಿದ್ದರೆ ಒಬ್ಬರ ಆಯಸ್ಸು ಸಾಲುತ್ತಿರಲಿಲ್ಲ. ಮೀನೇ ಏಕೆ ಎಂಬ ಪ್ರಶ್ನೆಗೆ ಇಷ್ಟು ಚೊಕ್ಕ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

ಬೆಂಗಳೂರಿನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ವತ್ಸಲಾ ತಿರುಮಲೈ ಅವರ ಪ್ರಯೋಗಾಲಯ ಇದೇ ಮರಿಯ ಚಿಕ್ಕಮೆದುಳನ್ನು ನೋಡುತ್ತದೆ. ಪಟ್ಟೆಗಳ ಚಿತ್ರ ಓಡಿಸಿದರೆ ಮರಿಗೆ ತಾನು ಹರಿವಿನಲ್ಲಿ ಕೊಚ್ಚಿಹೋಗುತ್ತಿರುವ ಭ್ರಮೆ ಹುಟ್ಟಿ ಈಜತೊಡಗುತ್ತದೆ. ಹರಿವು ಯಾವಾಗ ಬಂದೀತೆಂದು ಮೆದುಳು ಮುಂಚೆಯೇ ಅಂದಾಜು ಕಟ್ಟುವುದು ಅಲ್ಲಿಯ ವಿಷಯ. ಇಂಥ ಕೆಲಸ ಯಾವ ರೋಗಕ್ಕೂ ಮದ್ದಿನ ಆಣೆ ಹಾಕುವುದಿಲ್ಲ. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ನಂಬಿಕೆ.

ರೋಗನಿರೋಧದ ಅಧ್ಯಯನಕ್ಕೆ ಬಂದರೆ ಲಾಭ ನಷ್ಟ ಎರಡೂ ಒಂದೇ ಬೇರಿನವು. ಮರಿಯಲ್ಲಿ ಮೊದಲ ಕೆಲವು ವಾರ ಹುಟ್ಟುರಕ್ಷಣೆ ಮಾತ್ರ ಇರುತ್ತದೆ. ಕಲಿತು ನೆನಪಿಟ್ಟುಕೊಳ್ಳುವ ಲಿಂಫೋಸೈಟ್‌ಗಳ ಪಡೆ ಆಮೇಲೆ ಬಲಿಯುತ್ತದೆ. ಹೀಗಾಗಿ ಹುಟ್ಟುರಕ್ಷಣೆಯೊಂದನ್ನೇ ಬೇರ್ಪಡಿಸಿ ನೋಡುವ ಅವಕಾಶ ತಾನಾಗಿಯೇ ಸಿಗುತ್ತದೆ. ಬರೋಡದಲ್ಲಿ ವೈದ್ಯಕೀಯ ಓದಿ ಈಗ ಕೇಂಬ್ರಿಜ್‌ನಲ್ಲಿರುವ ಲಲಿತಾ ರಾಮಕೃಷ್ಣನ್ ಇದನ್ನು ಬಳಸಿಕೊಂಡ ರೀತಿ ಅಪರೂಪದ್ದು. ಕ್ಷಯದ ಗಂಟು ಎಂದರೆ ರೋಗಾಣುವನ್ನು ಕೂಡಿಹಾಕಲು ದೇಹ ಕಟ್ಟಿದ ಕೋಟೆ ಎಂದು ಪಠ್ಯಗಳು ಹೇಳುತ್ತಿದ್ದವು. ಕ್ಷಯದ ರೋಗಾಣುವಿನ ದಾಯಾದಿಯಾದ ಮೈಕೋಬ್ಯಾಕ್ಟೀರಿಯಂ ಮರೀನಮ್ ಅನ್ನು ಮರಿಗೆ ಹೊಗಿಸಿ ದಿನದಿನವೂ ನೋಡಿದಾಗ ಬೇರೆಯೇ ಕಂಡಿತು. ಹೊಸ ಭಕ್ಷಕಕೋಶಗಳು ಗಂಟಿನತ್ತ ಓಡಿಬರುತ್ತವೆ, ಸಾಯುತ್ತಿರುವ ಕೋಶಗಳನ್ನು ನುಂಗುತ್ತವೆ, ಒಳಗಿನ ರೋಗಾಣುವನ್ನೂ ನುಂಗುತ್ತವೆ. ಕೆಲವು ಅದನ್ನು ಹೊತ್ತುಕೊಂಡೇ ಬೇರೆಡೆಗೆ ಹೊರಡುತ್ತವೆ. ಆರಂಭದಲ್ಲಿ ಗಂಟು ರೋಗಾಣುವಿಗೆ ಸೆರೆಮನೆಯಲ್ಲ, ಬಿಡಾರ. 2009ರಲ್ಲಿ ಪ್ರಕಟವಾದ ಈ ಮಾತು, ಸತ್ತ ರೋಗಿಯ ಪುಪ್ಪುಸದ ತುಂಡನ್ನು ಎಷ್ಟು ನೋಡಿದರೂ ಹೊಳೆಯುವಂಥದ್ದಲ್ಲ.

ಆದರೂ ಮೀನಿಗೆ ಪುಪ್ಪುಸವಿಲ್ಲ. ಕ್ಷಯ ಮನುಷ್ಯನಲ್ಲಿ ವರ್ಷಗಟ್ಟಲೆ ಮಲಗಿದ್ದು, ಹೊಟ್ಟೆಗೆ ಹಿಟ್ಟಿಲ್ಲದ ಕಾಲದಲ್ಲಿ ಏಳುವ ರೋಗ. ವಾರದ ಮರಿ ಆ ಕತೆಯ ಮೊದಲ ಪುಟವನ್ನು ತೋರಿಸಬಲ್ಲದು, ಅಷ್ಟೆ. ರಾಮಕೃಷ್ಣನ್ ಅವರಿಗೆ ಇದರ ಅರಿವಿತ್ತು. ಮೀನಿನಲ್ಲಿ ಕಂಡದ್ದನ್ನು ಅವರ ಬಳಗ ವಿಯೆಟ್ನಾಂನ ರೋಗಿಗಳ ಮಾಹಿತಿಯೊಂದಿಗೆ ತಾಳೆ ನೋಡಿತು. ಈ ಹೆಜ್ಜೆಯನ್ನು ಬಿಟ್ಟು ಬರುವ ಪ್ರಬಂಧಗಳೇ ಹೆಚ್ಚು.

ಅಬ್ಬರ ಹೆಚ್ಚಿರುವುದು ಅಂಗಾಂಶದ ಮರುಬೆಳವಣಿಗೆಯಲ್ಲಿ. ಮೀನಿನ ಈಜುರೆಕ್ಕೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ ಎಂಬುದು ಹೊಸ ಸಂಗತಿಯಲ್ಲ. ಫ್ರಾನ್ಸಿನ ಬ್ರೂಸೊನೆ 1786ರಲ್ಲೇ ಬರೆದಿಟ್ಟಿದ್ದ. ಜೀಬ್ರಾ ಮೀನಿನ ಬಾಲದ ರೆಕ್ಕೆಯನ್ನು ತುಂಡರಿಸಿದರೆ ಅರ್ಧ ದಿನದಲ್ಲಿ ಚರ್ಮ ಹರಿದುಬಂದು ಗಾಯ ಮುಚ್ಚುತ್ತದೆ. ಎರಡು ದಿನಕ್ಕೆ ತುದಿಯಲ್ಲಿ ಬಿಳಿಚಿದ ಕೋಶಗಳ ದಿಂಡು ಕಟ್ಟುತ್ತದೆ, ಎರಡು ಮೂರು ವಾರಕ್ಕೆ ಕಡ್ಡಿ, ಪೊರೆ, ಪಟ್ಟೆ ಸಮೇತ ರೆಕ್ಕೆ ಸಿದ್ಧ. ಬುಡಕ್ಕೆ ಹತ್ತಿರ ಕತ್ತರಿಸಿದರೆ ಬೇಗ ಬೆಳೆಯುತ್ತದೆ, ತುದಿಯಲ್ಲಿ ಕತ್ತರಿಸಿದರೆ ನಿಧಾನ. ಎಷ್ಟು ಕಳೆದುಕೊಂಡೆ ಎಂಬ ಲೆಕ್ಕ ಆ ಕೋಶಗಳಿಗೆ ಹೇಗೋ ಗೊತ್ತು. 2002ರಲ್ಲಿ ಕೆನೆತ್ ಪಾಸ್ ಮತ್ತು ಸಂಗಡಿಗರು ಗುಂಡಿಗೆಯ ಕೆಳಕೋಣೆಯ ಶೇಕಡಾ 20ರಷ್ಟನ್ನು ಕತ್ತರಿಸಿ, ಎರಡು ತಿಂಗಳಲ್ಲಿ ಅದು ತುಂಬಿಕೊಂಡದ್ದನ್ನು ತೋರಿಸಿದರು. ಹೃದಯಾಘಾತಕ್ಕೆ ಮದ್ದು ಬಂತೆಂಬ ಮಾತು ಅಂದಿನಿಂದ ನಡೆದೇ ಇದೆ, ಮೀನಿನಿಂದ ಬಂದ ಮದ್ದು ಯಾವ ಹೃದಯರೋಗಿಯ ಕೈಗೂ ಇನ್ನೂ ಬಂದಿಲ್ಲ. ಇದು ಪಾಸ್ ಅವರ ತಪ್ಪಲ್ಲ. ಮೀನಿನ ಗುಂಡಿಗೆಗೆ ಎರಡೇ ಕೋಣೆ, ಒತ್ತಡ ಕಡಿಮೆ, ಅದರ ಸ್ನಾಯುಕೋಶಗಳು ಒಡೆಯುವ ಗುಣವನ್ನು ಬಿಟ್ಟುಕೊಟ್ಟಿಲ್ಲ. ನಮ್ಮವು ಹುಟ್ಟಿದ ಮೇಲೆ ಹೆಚ್ಚುಕಡಿಮೆ ಬಿಟ್ಟುಕೊಡುತ್ತವೆ.

ಪುಣೆಯ ಆಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಚಿನ್ಮಯ್ ಪಾತ್ರ ಅವರ ಬಳಗ ಗುಂಡಿಗೆ ಮತ್ತು ಬೆನ್ನೆಲುಬಿನ ಡಿಸ್ಕ್ ಎರಡರಲ್ಲೂ ಒಂದೇ ಪ್ರೋಟೀನಿನ ಕೈವಾಡವನ್ನು ಪತ್ತೆಮಾಡಿದೆ. ವಯಸ್ಸಾದ ಮೀನಿನ ಸವೆದ ಡಿಸ್ಕಿನಲ್ಲಿಯೂ ಅದು ಕೋಶಗಳನ್ನು ಮತ್ತೆ ಹುಟ್ಟಿಸಿತು. ಕೆಲಸ ಗಟ್ಟಿ. ಆದರೆ ಸುದ್ದಿಯನ್ನು ಹೊರಬಿಟ್ಟ ಸರ್ಕಾರಿ ಪ್ರಕಟಣೆ ತಲೆಬರಹದಲ್ಲೇ ಮನುಷ್ಯನ ಬೆನ್ನಿಗೆ ಜಿಗಿಯಿತು. ಉದಗೀರದ ಅಡತಿಯಲ್ಲಿ ದಿನವಿಡೀ ತೊಗರಿ ಮೂಟೆ ಹೊರುವ ಹಮಾಲನ ಬೆನ್ನು ನೀರಿನಲ್ಲಿ ತೇಲುವ ಜೀವದ ಬೆನ್ನಲ್ಲ. ಅಡ್ಡಡ್ಡ ಈಜುವ ಮೀನಿನ ಡಿಸ್ಕಿನ ಮೇಲೆ ಮೈಭಾರ ಬೀಳುವ ರೀತಿಯೇ ಬೇರೆ. ಪ್ರಬಂಧ ಬರೆದವರಿಗೆ ಈ ಅಂತರ ತಿಳಿದೇ ಇರುತ್ತದೆ, ತಲೆಬರಹ ಬರೆಯುವವರಿಗೆ ಬೇಡ. ಮೈದಾನದ ಸಾಲಿನಲ್ಲಿ ನಿಂತವರನ್ನು ಮೂಢರೆಂದು ಹಳಿಯುವವರು ಇಂಥ ತಲೆಬರಹಗಳನ್ನೂ ಒಮ್ಮೆ ಓದಿಕೊಳ್ಳಬೇಕು.

ಇನ್ನೊಂದು ತಕರಾರು ಮೀನಿನ ಮೂಲದ್ದು. ನಮ್ಮ ಹಳ್ಳಗಳ ಮೀನು ಪರದೇಶಕ್ಕೆ ಹೋಗಿ, ಅಲ್ಲಿಯ ತೊಟ್ಟಿಗಳಲ್ಲಿ ತಲೆಮಾರುಗಟ್ಟಲೆ ಬೆಳೆದು, ತಳಿಯ ಹೆಸರು ಹೊತ್ತು ನಮ್ಮ ಪ್ರಯೋಗಾಲಯಗಳಿಗೆ ಹಿಂದಿರುಗಿದೆ. ನಡುವೆ ಅದು ಕಳೆದುಕೊಂಡದ್ದೂ ಇದೆ. ಕಾಡುಮೀನಿನಲ್ಲಿ ಗಂಡು ಹೆಣ್ಣನ್ನು ನಿರ್ಧರಿಸುವ ಆನುವಂಶಿಕ ವ್ಯವಸ್ಥೆ ನಾಲ್ಕನೆಯ ವರ್ಣತಂತುವಿನಲ್ಲಿದೆ. ಹೆಸರುವಾಸಿ ಪ್ರಯೋಗಾಲಯ ತಳಿಗಳಲ್ಲಿ ಅದು ಅಳಿಸಿಹೋಗಿದೆ ಎಂದು 2014ರಲ್ಲಿ ಗೊತ್ತಾಯಿತು. ಶುದ್ಧ ನೀರು, 28.5 ಡಿಗ್ರಿ ಬಿಸಿ, ಹೊತ್ತುಹೊತ್ತಿಗೆ ಆಹಾರ. ಇಷ್ಟು ಸುಖದಲ್ಲಿ ಬೆಳೆದ ಮೀನಿನ ರೋಗನಿರೋಧವನ್ನು ನೋಡಿ ಕೆಸರಿನಲ್ಲಿ ಬದುಕುವ ಜೀವದ ಬಗ್ಗೆ ಎಷ್ಟು ಹೇಳಲಾದೀತು? ದೆಹಲಿಯ ಐಜಿಐಬಿ ಸಂಶೋಧನಾಲಯದಲ್ಲಿ ಶ್ರೀಧರ್ ಶಿವಸುಬ್ಬು, ವಿನೋದ್ ಸ್ಕಾರಿಯಾ ಅವರು ಅಸ್ಸಾಮಿನ ಕಾಡುತಳಿಯ ಜೀನೋಮನ್ನು 2009ರಲ್ಲಿ ಓದಿದ್ದು ಸರಿಯಾದ ಹೆಜ್ಜೆ. ಆ ದಾರಿಯಲ್ಲಿ ಜನ ಕಡಿಮೆ. ನೋವಿನ ಪ್ರಶ್ನೆಯೂ ಇದೆ. ಟ್ರೌಟ್ ಮೀನಿನಲ್ಲಿ ನೋವನ್ನು ಹಿಡಿಯುವ ನರಗಳಿವೆ ಎಂದು ಲಿನ್ ಸ್ನೆಡನ್ 2003ರಲ್ಲಿ ತೋರಿಸಿದ ಮೇಲೆ, ಅರಿವಳಿಕೆಯಿಲ್ಲದೆ ಮೀನಿಗೆ ಕತ್ತರಿ ಹಾಕುವುದನ್ನು ಸಮರ್ಥಿಸುವುದು ಕಷ್ಟ.

ಮೀನಿನ ರೋಗನಿರೋಧವನ್ನು ಮೀನಿಗಾಗಿಯೇ ಓದಿದ ಉದಾಹರಣೆ ಕನ್ನಡನಾಡಿನಲ್ಲೇ ಇದೆ, ಅದಕ್ಕೆ ಸಿಕ್ಕ ಪ್ರಚಾರ ಮಾತ್ರ ಕಡಿಮೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಕೆ. ಎಂ. ಶಂಕರ್, ಸಿ. ವಿ. ಮೋಹನ್, ಐ. ಎಸ್. ಆಜಾದ್ ಮತ್ತಿತರರು 1990ರ ದಶಕದಲ್ಲಿ ಗೆಂಡೆಮೀನುಗಳಿಗೆ ಬಾಯಿಯ ಮೂಲಕ ಕೊಡುವ ಲಸಿಕೆಯ ಬೆನ್ನು ಹತ್ತಿದರು. ಕೆರೆಯ ಮೀನುಗಳನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚಲಾಗದು. ಮೇವಿನಲ್ಲಿ ಬೆರೆಸಿದರೆ ಲಸಿಕೆ ಕರುಳಿನ ಮುಂಭಾಗದಲ್ಲೇ ಜೀರ್ಣವಾಗಿ ಹೋಗುತ್ತದೆ, ಅದನ್ನು ಗುರುತಿಸಬೇಕಾದ ಹಿಂಗರುಳಿಗೆ ತಲುಪುವುದಿಲ್ಲ. ಇವರು ಏರೋಮೊನಾಸ್ ಬ್ಯಾಕ್ಟೀರಿಯಾವನ್ನು ಕೈಟಿನ್ ಚೂರುಗಳ ಮೇಲೆ ಲೋಳೆಪದರವಾಗಿ ಬೆಳೆಸಿ, ಬಿಸಿಯಲ್ಲಿ ಸಾಯಿಸಿ, ಮೇವಿಗೆ ಸೇರಿಸಿದರು. ತಾನು ಅಂಟಿ ಕೂರಲು ಬ್ಯಾಕ್ಟೀರಿಯಾ ಸುರಿಸಿಕೊಂಡ ಲೋಳೆಯೇ ಅದನ್ನು ಹಿಂಗರುಳಿನವರೆಗೆ ಕಾಪಾಡಿತು. ಬಿಡಿ ಬ್ಯಾಕ್ಟೀರಿಯಾ ತಿಂದ ಮೀನಿಗಿಂತ ಇದನ್ನು ತಿಂದ ಮೀನಿನಲ್ಲಿ ಪ್ರತಿಕಾಯ ಹೆಚ್ಚಿತು, ಸಾವು ಇಳಿಯಿತು. 2014ರಲ್ಲಿ ಅದೇ ಕಾಲೇಜಿನವರು ಬೇಟೆಯಾಡಿ ತಿನ್ನುವ ಮರಳ ಮೀನಿನ ಮೇಲೂ ಇದನ್ನು ಪರೀಕ್ಷಿಸಿ ಫಲ ಕಂಡರು. ಹೊಳೆಯುವ ಕೋಶಗಳ ಬಣ್ಣದ ಚಿತ್ರ ಇದರಲ್ಲಿಲ್ಲ. ಕರುಳಿನ ಯಾವ ಭಾಗಕ್ಕೆ ಏನು ತಲುಪುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಬಿಡದೆ ಹೋದ ಕೆಲಸ ಇದು. ನಾನು ಇಲ್ಲಿ ಹೇಳಿದ ಎಲ್ಲ ಕೆಲಸಗಳಲ್ಲಿ ಮೀನಿಗೆ ಸಾಲ ತೀರಿಸಲು ಹೊರಟದ್ದು ಇದೊಂದೇ.

ಮಾಂಜರಾ, ತೇರಣಾ ನದಿಗಳ ಜಲಾಶಯಗಳಲ್ಲಿ ಕಟ್ಲಾ, ರೋಹು ಬಿತ್ತುವವರಿಗೆ ಮೀನಿನ ಮೈಯಲ್ಲಿ ಹುಣ್ಣು ಕಂಡರೆ ಇವತ್ತಿಗೂ ಮೊದಲು ನೆನಪಾಗುವುದು ಸುಣ್ಣ. 1988ರಲ್ಲಿ ಈಶಾನ್ಯದಿಂದ ದೇಶದೊಳಕ್ಕೆ ಬಂದ ಹುಣ್ಣುರೋಗ ಮರಳ ಮೀನನ್ನು ರಾಶಿರಾಶಿಯಾಗಿ ಕೊಂದಿತು. ಅದೇ ನೀರಿನಲ್ಲಿದ್ದರೂ ಸಾಮಾನ್ಯ ಗೆಂಡೆ ಅದಕ್ಕೆ ಜಗ್ಗುವುದಿಲ್ಲ. ಆ ರೋಗದ ಶಿಲೀಂಧ್ರದಂಥ ರೋಗಾಣು ಗೆಂಡೆಯ ಸ್ನಾಯುವಿನಲ್ಲಿ ಬೇರೂರದಂತೆ ತಡೆಯುವ ಭಕ್ಷಕಕೋಶಗಳು ಮರಳ ಮೀನಿನಲ್ಲಿ ಏಕೆ ಸೋಲುತ್ತವೆ ಎಂಬುದು ಯಾವ ಜೀಬ್ರಾ ಮೀನಿನ ಪ್ರಶ್ನೆಗೂ ಕಡಿಮೆಯದಲ್ಲ. ಮಹಾರಾಷ್ಟ್ರದ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯದ ಮೀನುಗಾರಿಕೆ ಕಾಲೇಜು ಉದಗೀರದಲ್ಲಿದೆ, ಕರ್ನಾಟಕದ ಅಂಥದೇ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಗಡಿಯಾಚೆ ಬೀದರಿನಲ್ಲಿದೆ, ಮಂಗಳೂರಿನ ಕಾಲೇಜು ಬೀದರಿನ ಅಧೀನದಲ್ಲೇ ಇದೆ. ಎರಡು ಜಾತಿಯ ಮೀನು, ಎರಡು ತೊಟ್ಟಿ, ಒಂದು ಸಾಧಾರಣ ಸೂಕ್ಷ್ಮದರ್ಶಕ ಇದ್ದರೆ ಆ ಪ್ರಶ್ನೆಯನ್ನು ಉದಗೀರದಲ್ಲಿಯೇ ಕೈಗೆತ್ತಿಕೊಳ್ಳಬಹುದು.