ತೊಟ್ಟಿಯಲ್ಲಿಟ್ಟ ಕಡಲಾಮೆ

ಶ್ರೀಲಂಕಾಕ್ಕೆ ಹೋಗಿ ಬಂದ ಗೆಳೆಯರೊಬ್ಬರು ಫೋಟೋ ತೋರಿಸಿದರು: ಅಂಗೈಯಲ್ಲಿ ಕಡಲಾಮೆಯ ಮರಿ, ಹಿಂದೆ ನಡುಹಗಲಿನ ಸಮುದ್ರ. ಕೊಸ್ಗೊಡ ತೀರದಲ್ಲಿ ಆಮೆಮೊಟ್ಟೆ ಕಾದು ಮರಿ ಮಾಡಿಸುವ ಕೇಂದ್ರಗಳು ಹಲವಾರು. ಟಿಕೆಟ್ ಕೊಂಡರೆ ನೋಡಬಹುದು; ಇನ್ನಷ್ಟು ತೆತ್ತರೆ ರಜೆಯಲ್ಲಿ ಸ್ವಯಂಸೇವಕರಾಗಿ ತೊಟ್ಟಿ ತೊಳೆದು, ಮರಿಗಳನ್ನು ಕಡಲಿಗೆ ಬಿಡಬಹುದು.

ಅವರ ಮಮತೆಯ ಬಗ್ಗೆ ನನಗೆ ಅನುಮಾನವಿಲ್ಲ. ತಕರಾರು ಆ ತೊಟ್ಟಿಯ ಬಗ್ಗೆ. ಮರಿಗಳು ಸಾಮಾನ್ಯವಾಗಿ ಮರಳು ತಣಿದ ಮೇಲೆ, ರಾತ್ರಿ ಹೊರಬರುತ್ತವೆ. ನೀರಿಗಿಳಿದದ್ದೇ ತಡ, ಸುಮಾರು ಒಂದು ದಿನ ಬಿಡದೆ ಈಜಿ ದಡದಂಚಿನ ಮೀನುಗಳ ಬಾಯಿಂದ ದೂರ ಸಾಗುತ್ತವೆ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ದಾರಿಯ ಬುತ್ತಿ. ಪ್ರವಾಸಿಗರಿಗಾಗಿ ಎರಡು ಮೂರು ದಿನ ಹಿಡಿದಿಟ್ಟರೆ ಆ ಈಜೆಲ್ಲ ಸಿಮೆಂಟ್ ಗೋಡೆಗೆ ಬಡಿದೇ ಮುಗಿಯುತ್ತದೆ. ಆಮೇಲೆ ಹಾಡಹಗಲೇ, ಹಕ್ಕಿಗಳ ಕಣ್ಣೆದುರು, ಚಪ್ಪಾಳೆಯೊಂದಿಗೆ ಬೀಳ್ಕೊಡುಗೆ!

ಮಾರಾಟವಾಗಿ ಯಾರದೋ ತಟ್ಟೆ ಸೇರಲಿದ್ದ ಮೊಟ್ಟೆಗಳನ್ನು ಕೊಂಡು ಉಳಿಸಿದ್ದೇವೆ ಎಂಬ ಅವರ ಮಾತು ಸುಳ್ಳಲ್ಲ. ಉಳಿಸಿದ್ದನ್ನು ಆ ರಾತ್ರಿಯೇ ಬಿಡಲು ಏನಡ್ಡಿ? ರಾತ್ರಿ ಟಿಕೆಟ್ ಕೊಳ್ಳುವವರಿಲ್ಲ, ಅಷ್ಟೇ.

ರತ್ನಾಗಿರಿ ಜಿಲ್ಲೆಯ ವೇಳಾಸ್‌ನಲ್ಲಿ 2002ರಲ್ಲಿ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಊರವರೊಂದಿಗೆ ಆಮೆ ರಕ್ಷಣೆ ಶುರುಮಾಡಿತು. ಅಲ್ಲಿಗೂ ಪ್ರವಾಸಿಗರು ಬರುತ್ತಾರೆ, ಊರವರ ಮನೆಗಳಲ್ಲೇ ಉಳಿಯುತ್ತಾರೆ. ಗೂಡಿನ ಮೇಲಿನ ಬುಟ್ಟಿ ಎತ್ತಿದಾಗ ಮರಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜನ ಹಗ್ಗದಾಚೆ ನಿಲ್ಲಬೇಕು. ಮರಿ ತಾನೇ ಮರಳ ಮೇಲೆ ತೆವಳಿ ಹೋಗಬೇಕು. ಅಷ್ಟು ದೂರ ಬಂದು ಏನೂ ಕಾಣದೆ ಗೊಣಗುತ್ತ ಹಿಂದಿರುಗುವವರೂ ಇರುತ್ತಾರೆ. ನನಗೆ ಆ ಗೊಣಗಾಟವೇ ಹಿತ.

ಗೆಳೆಯರನ್ನು ಕೇಳಿದೆ: “ಮರಿ ಹುಟ್ಟಿ ಎಷ್ಟು ದಿನವಾಗಿತ್ತು?” ಅವರು ಕೇಳಿರಲಿಲ್ಲ.