ಕೋಶ ಬಲ್ಲ ಪಾಕ

ಪೆಸಿಫಿಕ್ ಯೂ ಮರದ ತೊಗಟೆ ಸುಲಿದರೆ ಮರ ಸಾಯುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಬಲು ನಿಧಾನವಾಗಿ ಬೆಳೆಯುವ ಈ ಮರದ ತೊಗಟೆಯಲ್ಲಿ ಟ್ಯಾಕ್ಸಾಲ್ ಕಂಡುಕೊಂಡವರು ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾಣಿ. ಅದರ ರಚನೆ ಪ್ರಕಟವಾದದ್ದು 1971ರಲ್ಲಿ. 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಔಷಧವಾಗಿ ಮಂಜೂರಾದಾಗ, ರೋಗಿ ಉಳಿಯಲು ಕಾಡು ಸಾಯಬೇಕೇ ಎಂಬ ಪ್ರಶ್ನೆ ಎದ್ದು ನಿಂತಿತು.

ಜೀವಕೋಶ ಕೃಷಿ ಅದಕ್ಕೆ ಸಿಕ್ಕ ಒಂದು ಒಳ್ಳೆಯ ಉತ್ತರ. ಗಿಡದ ಚೂರೊಂದನ್ನು ಸಕ್ಕರೆ, ಲವಣ, ಹಾರ್ಮೋನು ಬೆರೆಸಿದ ಅಗರ್ ಮೇಲಿಟ್ಟರೆ ಬೇರೂ ಅಲ್ಲದ, ಎಲೆಯೂ ಅಲ್ಲದ ಕೋಶಗಳ ಮುದ್ದೆ ಉಬ್ಬಿ ಬರುತ್ತದೆ. ಇದೇ ಕ್ಯಾಲಸ್. ಅದನ್ನು ದ್ರವಕ್ಕೆ ಹಾಕಿ, ಕುಲುಕುತ್ತ ಬೆಳೆಸುತ್ತಾರೆ. ಸುಖವಾಗಿ ಬೆಳೆಯುವ ಕೋಶ ಟ್ಯಾಕ್ಸಾಲ್ ಕೊಡುವುದು ಕಡಿಮೆ. ಮೀಥೈಲ್ ಜಾಸ್ಮೊನೇಟ್ ಬೆರೆಸಿದರೆ ಹುಳು ಕಡಿದಂತೆ ಎಚ್ಚೆತ್ತು ಹೆಚ್ಚು ಕೊಡುತ್ತದೆ. ಜಾಜಿಯ ಪರಿಮಳದಲ್ಲಿರುವ ಈ ವಸ್ತು ಗಿಡಗಳ ಪಾಲಿಗೆ ಅಪಾಯದ ಕರೆ. ಜರ್ಮನಿಯಲ್ಲಿ ಫೈಟಾನ್ ಕಂಪನಿ ಈ ಕೃಷಿಯನ್ನು 75,000 ಲೀಟರ್ ತೊಟ್ಟಿಯವರೆಗೆ ಒಯ್ದಿತು. ಈ ವಿಧಾನಕ್ಕಾಗಿ ಔಷಧ ಕಂಪನಿ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ 2004ರಲ್ಲಿ ಅಮೆರಿಕದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಪಡೆಯಿತು. ದೊಡ್ಡ ಗೆಲುವು ಇದು.

ಆದರೆ ಈ ಗೆಲುವನ್ನು ಎಲ್ಲ ಗಿಡಗಳ ಮೇಲೂ ಹೊರಿಸುವ ಉತ್ಸಾಹವನ್ನು ನಾನು ಒಪ್ಪಲಾರೆ. ಅಂಗಳದ ನಿತ್ಯಪುಷ್ಪವನ್ನೇ ನೋಡಿ. ಅದರ ಎಲೆಯಿಂದ ಒಂದು ಗ್ರಾಂ ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ಇಷ್ಟು ಬೆಲೆಯುಳ್ಳ ವಸ್ತುವಿಗಾಗಿ ದಶಕಗಳ ಕಾಲ ಹೆಣಗಿದರೂ ಕೋಶ ಕೃಷಿ ಇಲ್ಲಿ ಫಲ ಕೊಟ್ಟಿಲ್ಲ. ವಿನ್‌ಬ್ಲಾಸ್ಟಿನ್‌ಗೆ ಬೇಕಾದ ಎರಡು ಭಾಗಗಳಲ್ಲಿ ಕ್ಯಾಥರಾಂಥಿನ್ ಮುದ್ದೆಯಲ್ಲಿ ಸಿಗುತ್ತದೆ, ವಿಂಡೋಲಿನ್ ಸಿಗದು. ವಿಂಡೋಲಿನ್ ಪಾಕ ಎಲೆಯ ಹೊರಪದರದಲ್ಲಿ ಶುರುವಾಗಿ ಒಳಗಿನ ಹಾಲುಕೋಶಗಳಲ್ಲಿ ಮುಗಿಯುತ್ತದೆ, ಬೆಳಕೂ ಬೇಕು. ಎಲೆಯೇ ಆಗದ ಮುದ್ದೆಗೆ ಆ ಪಾಕ ಎಲ್ಲಿಂದ ಬರಬೇಕು?

ವಾಲ್ ಮತ್ತು ವಾಣಿ 1966ರಲ್ಲಿ ಚೀನಾ ಮೂಲದ ಮರದಲ್ಲಿ ಕಂಡ, ಕ್ಯಾನ್ಸರ್ ಔಷಧಕ್ಕೆ ಬೇಕಾದ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ. ಅದಕ್ಕಾಗಿ ಘಟ್ಟದಲ್ಲಿ ಮರಗಳು ಉರುಳಿವೆ. ಫ್ಲಾಸ್ಕಿನಲ್ಲಿ ಬೆಳೆದ ಅದರ ಕೋಶಗಳು ಕೊಟ್ಟದ್ದು ಮರ ಕೊಡುವುದಕ್ಕಿಂತ ತೀರಾ ಕಡಿಮೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಘಟ್ಟದಲ್ಲಿ ಹುಡುಕಿ, ಸಾರ ಹೆಚ್ಚಿರುವ ಮರಗಳನ್ನು ಗುರುತಿಸಿದ್ದಾರೆ. ಸದ್ಯಕ್ಕೆ ಅಂಥ ಮರಗಳ ಸಸಿ ಮಾಡಿ ತೋಟದಲ್ಲಿ ಬೆಳೆಸುವುದೇ ಸರಿಯಾದ ದಾರಿ.

ಕೋಶಕ್ಕೆ ಪಾಕ ಪೂರ್ತಿ ಗೊತ್ತಿದ್ದಲ್ಲಿ ತೊಟ್ಟಿ ಕಟ್ಟೋಣ. ಗೊತ್ತಿಲ್ಲದಲ್ಲಿ ಗಿಡ ನೆಡೋಣ.